ದುಬಾರಿ ವಾಲ್ವ್ ಬೇಕಾ, ಬೇಡವಾ? ಮೊದಲು ಅಳೆದು ನೋಡಿ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. "ನೀನು ಒಮ್ಮೆ ಬಂದು ಹೋಗು. ಇವನಿಗೆ ಎಂತದೋ ವಾಲ್ವ್ ಬೇಕಂತೆ. 70 ಸಾವಿರ ಕೇಳ್ತಾ ಇದ್ದಾನೆ. ನನ್ನ ಚೀಟಿ ಹಣ ಬರ್ಲಿಕ್ಕುಂಟು ಅಂತ ಇವನಿಗೆ ಯಾರು ಹೇಳಿದ್ದೋ!"

ಅಕ್ಕನ ಮಗನಿಗೆ 26 ವರ್ಷ. ಐಟಿಐ ಮುಗಿಸಿ ಪಡೀಲ್ ಕಡೆಯ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಹಳೆಯ ಮಾರುತಿ ಜಿಪ್ಸಿ ಒಂದನ್ನು ಖರೀದಿಸಿದ್ದರು. ಚಿಕ್ಕಮಗಳೂರು, ಸಕಲೇಶಪುರ ಕಡೆ ನಡೆಯುವ ಆಟೋಕ್ರಾಸ್, ಆಫ್‌ರೋಡ್ ಸ್ಪರ್ಧೆಗಳಲ್ಲಿ ಓಡಿಸಬೇಕು ಎಂಬ ಆಸೆ. ಅದಕ್ಕಾಗಿ ಎಂಜಿನ್ನಿನ ಹೆಡ್ ಬಿಚ್ಚಿ ಆಗಿತ್ತು. ಸ್ಟಾಕ್ ವಾಲ್ವ್‌ಗಳನ್ನು ತೆಗೆದು ಹೊರದೇಶದಿಂದ 16 ಪರ್ಫಾರ್ಮೆನ್ಸ್ ವಾಲ್ವ್ ಮತ್ತು ಸ್ಪ್ರಿಂಗ್ ತರಿಸಬೇಕೆಂದು ಹುಡುಗರು ಹಠ ಹಿಡಿದಿದ್ದರು.

ನಾನು ಮದ್ರಸದಲ್ಲಿ ಪಾಠ ಹೇಳುವವನು. ಎಂಜಿನ್ ವಿಷಯದಲ್ಲಿ ನನ್ನ ವಿದ್ಯೆ ಸ್ಕೂಟರಿನ ಕಿಕ್ ಹೊಡೆಯುವಲ್ಲಿಗೆ ಮುಗಿಯುತ್ತದೆ. ಆದರೆ ಅಕ್ಕನ ಹಣದ ವಿಷಯ. ಭಾವ ಜುಬೈಲಿನಲ್ಲಿದ್ದಾರೆ. ಮನೆಯಲ್ಲಿ ಕೇಳುವವರು ಯಾರೂ ಇಲ್ಲ. ಹಾಗಾಗಿ ಒಂದು ಭಾನುವಾರ ಆ ಗ್ಯಾರೇಜಿಗೆ ಹೋಗಿ ಕುಳಿತೆ. ಹೋಗುವಾಗ ನೆರೆಮನೆಯ ಕಾಕನನ್ನೂ ಕರೆದುಕೊಂಡು ಹೋದೆ. ಅವರು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿನಲ್ಲಿ 20 ವರ್ಷಕ್ಕೂ ಹೆಚ್ಚು ಎಂಜಿನ್ ಕೆಲಸ ಮಾಡಿ ಊರಿಗೆ ಬಂದವರು.

ಗಾಡಿ ಹುಚ್ಚಿನ ಹುಡುಗರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಅಂದು ನಾನು ಕಲಿತದ್ದು ಬೇರೆ ಮನೆಯವರಿಗೂ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಸುಟ್ಟದ್ದು ಒಂದೇ ವಾಲ್ವ್

ಜಿಪ್ಸಿ ನಮ್ಮ ದೇಶದಲ್ಲಿ 1985ರಲ್ಲಿ ಬಂದ ಗಾಡಿ. 1996ರಲ್ಲಿ 1.3 ಲೀಟರಿನ 'ಜಿಪ್ಸಿ ಕಿಂಗ್' ಬಂತು. 2000ದಲ್ಲಿ ಅದಕ್ಕೆ 16 ವಾಲ್ವ್‌ಗಳ ಎಂಪಿಎಫ್‌ಐ ಎಂಜಿನ್ ಬಂತು. 1,298 ಸಿಸಿ, 6,000 ಆರ್‌ಪಿಎಂನಲ್ಲಿ 80 ಅಶ್ವಶಕ್ತಿ. ಇಂದಿನ ಕಾರುಗಳ ಲೆಕ್ಕದಲ್ಲಿ ಇದು ದೊಡ್ಡ ಶಕ್ತಿಯೇನಲ್ಲ. ಆದರೆ ಗಾಡಿ ಹಗುರ, ಫೋರ್ ವೀಲ್ ಡ್ರೈವ್ ಉಂಟು, ರಿಪೇರಿ ಸುಲಭ. ತಯಾರಿಕೆ ನಿಂತು ವರ್ಷಗಳಾದರೂ ರ‍್ಯಾಲಿಯ ಹುಡುಗರು ಇದನ್ನು ಬಿಡದೇ ಇರುವುದು ಇದಕ್ಕೇ.

ಹುಡುಗರು ತಂದ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗುವಾಗ ನಡುಗುತ್ತಿತ್ತಂತೆ. ಏರು ಹತ್ತುವಾಗ ಉಸಿರಿಲ್ಲ. ಕಂಪ್ರೆಶನ್ ನೋಡಿದರೆ ಮೂರು ಸಿಲಿಂಡರ್‌ಗಳಲ್ಲಿ ಸರಿ ಇತ್ತು, ಒಂದರಲ್ಲಿ ಅರ್ಧ ಮಾತ್ರ.

"ಮತ್ತೆ ಗಾಳಿ ಬಿಟ್ಟು ನೋಡಿದ್ರಾ?" ಅಂತ ಕಾಕ ಕೇಳಿದರು.

ನೋಡಿದ್ದರು. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬಿಸಿ, ಅದು ಎಲ್ಲಿಂದ ಸೋರುತ್ತದೆ ಎಂದು ಕಿವಿಕೊಟ್ಟು ಕೇಳುವ ಪರೀಕ್ಷೆ ಇದು. ಸೈಲೆನ್ಸರಿನಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್. ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಪ್ಯಾಕಿಂಗ್. ಇವರ ಗಾಡಿಯಲ್ಲಿ ಸದ್ದು ಸೈಲೆನ್ಸರಿನಿಂದ ಬಂದಿತ್ತು. ಹೆಡ್ ಬಿಚ್ಚಿದಾಗ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಚ್ಚಿದ ಹಾಗೆ ಸುಟ್ಟುಹೋಗಿತ್ತು.

ಕಾಕ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ವಾಲ್ವಿನ ತಪ್ಪಲ್ಲ. ಟ್ಯಾಪೆಟ್ ಯಾರೋ ಬಿಗಿ ಇಟ್ಟಿದ್ದಾರೆ. ಟಿಕ್ ಟಿಕ್ ಶಬ್ದ ಹೋಗ್ಲಿ ಅಂತ."

ಅಳಿಯ ತಲೆ ತಗ್ಗಿಸಿದ. ಗಾಡಿ ತಂದ ವಾರವೇ ಶಬ್ದ ಜಾಸ್ತಿ ಎಂದು ಟ್ಯಾಪೆಟ್ ಬಿಗಿ ಮಾಡಿದ್ದು ಅವನೇ.

ಮುಚ್ಚಿದಾಗಲೇ ತಣಿಯುವ ವಾಲ್ವ್

ಬಿಗಿ ಟ್ಯಾಪೆಟ್‌ಗೂ ಸುಟ್ಟ ವಾಲ್ವಿಗೂ ಏನು ಸಂಬಂಧ ಎಂದು ನಾನು ಕೇಳಿದೆ. ಅದಕ್ಕೆ ಕಾಕ ಕೊಟ್ಟ ಉತ್ತರವೇ ಅಂದಿನ ಮಾತುಕತೆಗೆಲ್ಲ ತಳಪಾಯವಾಯಿತು.

ವಾಲ್ವ್ ನೋಡಲಿಕ್ಕೆ ಉಕ್ಕಿನ ಅಣಬೆಯ ಹಾಗೆ. ಚಪ್ಪಟೆ ತಲೆ, ಸಪೂರ ಕಾಂಡ. ಜಿಪ್ಸಿಯ ಒಂದೊಂದು ಸಿಲಿಂಡರಿಗೆ ನಾಲ್ಕು. ಎರಡು ಗಾಳಿ-ಪೆಟ್ರೋಲ್ ಒಳಬಿಡಲು, ಎರಡು ಹೊಗೆ ಹೊರಬಿಡಲು. 6,000 ಆರ್‌ಪಿಎಂನಲ್ಲಿ ಎಂಜಿನ್ ತಿರುಗುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಇನ್‌ಟೇಕ್ ವಾಲ್ವಿಗೆ ಒಳಬರುವ ಹೊಸ ಗಾಳಿ ತಂಪು ಕೊಡುತ್ತದೆ. ಎಕ್ಸಾಸ್ಟ್ ವಾಲ್ವಿಗೆ ಆ ಭಾಗ್ಯ ಇಲ್ಲ. ಬೆಂಕಿಯ ಗಾಳಿಯೇ ಅದನ್ನು ಸವರಿಕೊಂಡು ಹೋಗುತ್ತದೆ. ಜೋರಾಗಿ ಓಡುವ ಎಂಜಿನ್ನಿನಲ್ಲಿ ಅದರ ತಲೆ 700 ಡಿಗ್ರಿ ಸೆಲ್ಸಿಯಸ್ ದಾಟಿ ಕೆಂಪಗಾಗುತ್ತದೆ.

ಆ ಬಿಸಿಯಲ್ಲಿ ಹೆಚ್ಚಿನ ಪಾಲು, ಸುಮಾರು ಮುಕ್ಕಾಲು ಭಾಗ, ವಾಲ್ವ್ ಮುಚ್ಚಿ ಸೀಟಿಗೆ ತಾಗಿ ಕುಳಿತಾಗ ಆ ಸೀಟಿನ ಮೂಲಕ ಹೆಡ್ಡಿಗೆ ಇಳಿಯುತ್ತದೆ. ಉಳಿದದ್ದು ಕಾಂಡದಿಂದ ಗೈಡಿಗೆ. ಟ್ಯಾಪೆಟ್ ಬಿಗಿ ಇದ್ದರೆ ವಾಲ್ವ್ ಪೂರ್ತಿ ಕುಳಿತುಕೊಳ್ಳುವುದಿಲ್ಲ. ಬಿಸಿ ಹೋಗಲಿಕ್ಕೆ ದಾರಿ ಇಲ್ಲ. ಮೇಲಿಂದ ಆ ಸಂದಿಯಲ್ಲಿ ಬೆಂಕಿ ನುಗ್ಗುತ್ತದೆ. ಅಂಚು ಸುಡುತ್ತದೆ.

"ಈಗ ಹೇಳು ಮೋನೆ," ಕಾಕ ಅಳಿಯನ ಕಡೆ ತಿರುಗಿದರು. "70 ಸಾವಿರದ ವಾಲ್ವ್ ಹಾಕಿ ಟ್ಯಾಪೆಟ್ ಹೀಗೇ ಬಿಗಿ ಇಟ್ರೆ ಅದು ಸುಡುದಿಲ್ವಾ?"

ಶಾರ್ಜಾದಲ್ಲಿ ಬೇಕಾಗಿತ್ತು

ಹಾಗೆಂದು ಕಾಕ ದುಬಾರಿ ವಾಲ್ವಿನ ವಿರೋಧಿಯಲ್ಲ. ಅವರೇ ಎಷ್ಟೋ ಎಂಜಿನ್‌ಗಳಿಗೆ ಹಾಕಿದ್ದಾರೆ. ಗಲ್ಫ್‌ನಲ್ಲಿ ನಿಸ್ಸಾನ್ ಪೆಟ್ರೋಲ್ ಎಂಬ ದೊಡ್ಡ ಗಾಡಿ ಉಂಟಲ್ಲ, ಅದರ ಟಿಬಿ48 ಎಂಜಿನ್ 4.8 ಲೀಟರಿನದ್ದು. ಆರು ಸಿಲಿಂಡರ್, 24 ವಾಲ್ವ್. ಮರಳು ದಿಬ್ಬ ಹತ್ತುವವರು ಅದಕ್ಕೆ ಟರ್ಬೊ ಕೂರಿಸುತ್ತಾರೆ. ಮರಳು ಗಾಡಿಯನ್ನು ಹಿಡಿದೆಳೆಯುತ್ತಿರುತ್ತದೆ. ಚಾಲಕ ಆಕ್ಸಿಲರೇಟರ್ ಬಿಡುವುದಿಲ್ಲ. ಹೊರಗೆ ಮರುಭೂಮಿಯ ಬಿಸಿ, ಒಳಗೆ ಟರ್ಬೊದ ಒತ್ತಡ.

ಒಬ್ಬರು ಟರ್ಬೊಗೆ ಕೈ ತುಂಬ ಖರ್ಚು ಮಾಡಿ ವಾಲ್ವಿನಲ್ಲಿ ಉಳಿಸಲು ಹೋದರಂತೆ. ಒಂದು ಸೀಸನ್ ಕಳೆದು ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವ್‌ಗಳ ತಲೆ ಕಾದು ಮೆತ್ತಗಾಗಿ, ಎಳೆದುಕೊಂಡು, ಉಮ್ಮತ್ತದ ಹೂವಿನ ಹಾಗೆ ಆಗಿತ್ತು. ಇನ್ನೊಂದು ವಾರ ಓಡಿಸಿದ್ದರೆ ತಲೆ ಕಳಚಿ ಪಿಸ್ಟನ್ ಮೇಲೆ ಬೀಳುತ್ತಿತ್ತು. "ಅಲ್ಲಿ ಕಂಜೂಸಿ ಮಾಡಿದ್ದೇ ತಪ್ಪು" ಅಂದರು ಕಾಕ.

ವಾಲ್ವ್ ಬದಲಿಸಲೇಬೇಕಾದ ಸಂದರ್ಭಗಳನ್ನು ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

ಒಂದು, ಬಿಸಿ. ಟರ್ಬೊ, ಸೂಪರ್‌ಚಾರ್ಜರ್, ನೈಟ್ರಸ್ ಹಾಕಿದರೆ ಎಕ್ಸಾಸ್ಟ್ ವಾಲ್ವ್ ಗಟ್ಟಿ ಲೋಹದ್ದೇ ಬೇಕು. ಸಾಮಾನ್ಯವಾಗಿ ಎಕ್ಸಾಸ್ಟ್ ವಾಲ್ವಿಗೆ ಬಳಸುವುದು 21-4ಎನ್ ಎಂಬ ಉಕ್ಕು. ಅದರಲ್ಲಿ ಸುಮಾರು ಶೇ. 21 ಕ್ರೋಮಿಯಂ, ಶೇ. 4 ನಿಕ್ಕಲ್. ಅದಕ್ಕೂ ಮೇಲಿನ ಬಿಸಿಗೆ ಇನ್‌ಕೊನೆಲ್ ಎಂಬ ನಿಕ್ಕಲ್ ಮಿಶ್ರಲೋಹ. ಕೆಲವು ಎಂಜಿನ್‌ಗಳಲ್ಲಿ ಟೊಳ್ಳು ಕಾಂಡದೊಳಗೆ ಸೋಡಿಯಂ ತುಂಬಿಸಿರುತ್ತಾರೆ. ಅದು ಸುಮಾರು 98 ಡಿಗ್ರಿಗೆ ಕರಗಿ, ಒಳಗೆ ಕುಲುಕಾಡುತ್ತಾ ಬಿಸಿಯನ್ನು ತಲೆಯಿಂದ ಕಾಂಡಕ್ಕೆ ಸಾಗಿಸುತ್ತದೆ. ಅಂಥದ್ದನ್ನು ಗೊತ್ತಿಲ್ಲದೆ ಕತ್ತರಿಸಬಾರದು. ಸೋಡಿಯಂಗೆ ನೀರು ತಾಗಿದರೆ ಹೊತ್ತಿಕೊಳ್ಳುತ್ತದೆ.

ಎರಡು, ವೇಗ. ಆರ್‌ಪಿಎಂ 6,000ದಿಂದ 8,000ಕ್ಕೆ ಏರಿದರೆ ಏರಿದ್ದು ಮೂರನೇ ಒಂದು ಭಾಗ ಮಾತ್ರ. ಆದರೆ ವಾಲ್ವನ್ನು ಹಿಡಿದು ವಾಪಸ್ ಎಳೆಯಲು ಸ್ಪ್ರಿಂಗಿಗೆ ಬೇಕಾಗುವ ಬಲ ಮುಕ್ಕಾಲು ಪಾಲಿಗಿಂತ ಜಾಸ್ತಿ ಏರುತ್ತದೆ. ಸ್ಪ್ರಿಂಗ್ ಸೋತರೆ ವಾಲ್ವ್ ಗಾಳಿಯಲ್ಲಿ ತೇಲಿದ ಹಾಗೆ ಆಗಿ ಹೊತ್ತಿಗೆ ಸರಿಯಾಗಿ ಮುಚ್ಚುವುದಿಲ್ಲ. ಆಗ ಗಟ್ಟಿ ಸ್ಪ್ರಿಂಗ್ ಬೇಕು, ಹಗುರ ವಾಲ್ವ್ ಬೇಕು. ಟೈಟಾನಿಯಂ ವಾಲ್ವ್ ಉಕ್ಕಿನದ್ದಕ್ಕಿಂತ ಸುಮಾರು ಶೇ. 40 ಹಗುರ. ಬೆಲೆ ಮಾತ್ರ ರೇಸ್ ಟೀಮ್‌ನವರಿಗೇ ಸರಿ.

ಮೂರು, ಉಸಿರು. ಹೆಚ್ಚು ಗಾಳಿ ಒಳಬರಲು ದೊಡ್ಡ ತಲೆಯ ವಾಲ್ವ್ ಹಾಕುವುದುಂಟು. ಅದಕ್ಕೆ ಸೀಟ್ ಅಗಲ ಮಾಡಬೇಕು, ಪೋರ್ಟ್ ಕೊರೆಯಬೇಕು. ಜಿಪ್ಸಿಯ ಸಿಲಿಂಡರ್ ವ್ಯಾಸವೇ 74 ಮಿಲಿಮೀಟರ್. ಅದರಲ್ಲಿ ನಾಲ್ಕು ವಾಲ್ವ್ ಆಗಲೇ ತುಂಬಿ ಕುಳಿತಿವೆ. ದೊಡ್ಡದು ಮಾಡಲಿಕ್ಕೆ ಜಾಗ ಸ್ವಲ್ಪವೇ.

ನಾಲ್ಕು, ವಯಸ್ಸು. ಅಳತೆಯಲ್ಲಿ ಸವೆದಿದ್ದರೆ, ಬಾಗಿದ್ದರೆ, ಅಂಚು ತೆಳುವಾಗಿದ್ದರೆ ಬದಲಿಸಬೇಕು. ಆದರೆ ಅದಕ್ಕೆ ಕಂಪೆನಿಯ ಹೊಸ ವಾಲ್ವ್ ಸಾಕು.

"ಇದರಲ್ಲಿ ನಿಮ್ಮದು ಯಾವುದು?" ಅಂತ ಕಾಕ ಹುಡುಗರನ್ನು ಕೇಳಿದರು.

ಗೆಳೆಯನ ಎಂಜಿನ್ ಹೋದದ್ದು

ಅಳಿಯ ಸುಲಭಕ್ಕೆ ಬಗ್ಗಲಿಲ್ಲ. "ಕಾಕ, ಹೇಗೂ ಹೆಡ್ ಬಿಚ್ಚಿ ಆಗಿದೆ. ಪುನಃ ಬಿಚ್ಚುದು ಯಾಕೆ? ಈಗಲೇ ಒಳ್ಳೆದು ಹಾಕಿದ್ರೆ ಒಂದು ಕೆಲಸ ಮುಗೀತಲ್ಲ? ಮುಂದೆ ಟರ್ಬೊ ಹಾಕುದಾದ್ರೂ ಹಾಕ್ಬಹುದು."

ನನಗೆ ಇದು ಸರಿಯಾದ ಮಾತೇ ಅನ್ನಿಸಿತು. ಕಾಕನೂ ಒಪ್ಪಿದರು. "ಮುಂದಿನ ವರ್ಷ ಟರ್ಬೊ ಗ್ಯಾರಂಟಿ ಅಂತಾದ್ರೆ ನೀನು ಹೇಳಿದ್ದು ಸರಿ. ಗ್ಯಾರಂಟಿಯಾ?"

ಹುಡುಗರು ಮುಖ ಮುಖ ನೋಡಿಕೊಂಡರು. ಟರ್ಬೊ ಹಾಕುವುದಾದರೆ ಪಿಸ್ಟನ್, ಪೆಟ್ರೋಲ್ ಸಪ್ಲೈ, ಇಸಿಯು, ಕೂಲಿಂಗ್ ಎಲ್ಲವೂ ಬದಲಾಗಬೇಕು. ಅದಕ್ಕೆ ಹಣ ಎಲ್ಲಿಂದ ಎಂಬುದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ.

ಆಗ ಅವರಲ್ಲೇ ಒಬ್ಬ ಬಾಯಿ ಬಿಟ್ಟ. ಅವನ ಪರಿಚಯದವನೊಬ್ಬ ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಸ್ಟೇನ್‌ಲೆಸ್ ವಾಲ್ವ್ ತರಿಸಿ ತನ್ನ ಕಾರಿಗೆ ಹಾಕಿದ್ದ. ಮೂರನೇ ತಿಂಗಳಿಗೆ, ಓಡುತ್ತಿರುವಾಗಲೇ ಒಂದು ವಾಲ್ವಿನ ತಲೆ ಮುರಿದು ಒಳಗೆ ಬಿತ್ತು. ಪಿಸ್ಟನ್ ತೂತು, ಹೆಡ್ ಪುಡಿ. ಕಾರು ಗುಜರಿಯ ಬೆಲೆಗೆ ಹೋಯಿತು.

ಕಾಕ ಕೇಳಿದ್ದು ಒಂದೇ ಪ್ರಶ್ನೆ. "ಗೈಡ್ ಎಂತ ಹಾಕಿದ್ದ?"

ಹಳೆಯ ಗೈಡನ್ನೇ ಇಟ್ಟಿದ್ದ. ಹೊಸ ವಾಲ್ವ್ ಅಲುಗಾಡಬಾರದೆಂದು ಬಿಗಿಯಾಗಿ ಕೂರಿಸಿದ್ದನಂತೆ.

ಅದರ ಒಳಗುಟ್ಟು ಹೀಗೆ. ಸ್ಟೇನ್‌ಲೆಸ್ ವಾಲ್ವಿನ ಕಾಂಡ ಬಿಸಿಗೆ ಸಾಮಾನ್ಯ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಗೈಡಿನಲ್ಲಿ ಅದಕ್ಕೆ ಸ್ವಲ್ಪ ಹೆಚ್ಚು ಜಾಗ ಬಿಡಬೇಕು. ಕಾಂಡಕ್ಕೆ ಕ್ರೋಮ್ ಲೇಪ ಇಲ್ಲದಿದ್ದರೆ ಬೀಡು ಕಬ್ಬಿಣದ ಗೈಡಿಗೆ ಅದು ಹಿಡಿದುಕೊಳ್ಳುತ್ತದೆ. ಕಂಚಿನ ಗೈಡ್ ಹಾಕುವುದು ಅದಕ್ಕೇ. ಬಿಗಿ ಗೈಡಿನಲ್ಲಿ ಕಾಂಡ ಸಿಕ್ಕಿಕೊಂಡಿತೆಂದರೆ ವಾಲ್ವ್ ತೆರೆದಲ್ಲೇ ನಿಲ್ಲುತ್ತದೆ, ಪಿಸ್ಟನ್ ಮೇಲೆ ಬಂದು ಬಡಿಯುತ್ತದೆ.

"ಕಂಪೆನಿಯವರು ವಾಲ್ವ್, ಗೈಡ್, ಸೀಟ್, ಸ್ಪ್ರಿಂಗ್ ನಾಲ್ಕನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರ್ತಾರೆ. ಒಂದನ್ನು ಬದಲಿಸಿದ್ರೆ ಉಳಿದ ಮೂರನ್ನೂ ನೋಡ್ಬೇಕು. ಅದು ಆಗುದಿಲ್ಲ ಅಂತಾದ್ರೆ ಮುಟ್ಲಿಕ್ಕೇ ಹೋಗ್ಬಾರ್ದು." ಕಾಕನ ಈ ಮಾತು ನನಗೆ ನೆನಪಿನಲ್ಲಿ ಉಳಿಯಿತು.

ಮೇಜಿನ ಮೇಲೆ 16 ವಾಲ್ವ್

ಆಮೇಲೆ ಕೆಲಸ ಶುರುವಾಯಿತು. ಹಳೆಯ ಪತ್ರಿಕೆ ಹಾಸಿ 16 ವಾಲ್ವ್‌ಗಳನ್ನೂ ಸಾಲಾಗಿ ಇಟ್ಟರು. ಯಾವುದು ಯಾವ ಸಿಲಿಂಡರಿನದ್ದೆಂದು ಪೆನ್ನಿನಲ್ಲಿ ಬರೆದರು. ಇದ್ದಿಲ ಕಿಟ್ಟ ತೆಗೆದು ಮೈಕ್ರೋಮೀಟರಿನಲ್ಲಿ ಕಾಂಡವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದರು. ವಾಲ್ವಿಗೂ ಗೈಡಿಗೂ ನಡುವೆ ಇರಬೇಕಾದ ಸಂದು ಒಂದು ಕೂದಲೆಳೆಯಷ್ಟೂ ಇರುವುದಿಲ್ಲ. ಕಣ್ಣಂದಾಜಿನಲ್ಲಿ ಇದು ಗೊತ್ತಾಗಲಿಕ್ಕಿಲ್ಲ.

ಕಾಕ ತಮ್ಮ ಪೆಟ್ಟಿಗೆಯಿಂದ ಬೇರೊಂದು ಎಂಜಿನ್ನಿನ ಎಕ್ಸಾಸ್ಟ್ ವಾಲ್ವ್ ತೆಗೆದು ನನ್ನ ಕೈಗೆ ಒಂದು ಅಯಸ್ಕಾಂತ ಕೊಟ್ಟರು. "ಉಸ್ತಾದರೇ, ಹಿಡಿದು ನೋಡಿ." ಕಾಂಡಕ್ಕೆ ಗಪ್ಪನೆ ಅಂಟಿತು. ತಲೆಗೆ ಅಂಟಲೇ ಇಲ್ಲ. ಬಿಸಿ ತಾಳುವ ಲೋಹದ ತಲೆ, ಉಜ್ಜಾಟ ತಾಳುವ ಲೋಹದ ಕಾಂಡ, ಎರಡನ್ನೂ ಬೆಸೆದು ಮಾಡಿದ ವಾಲ್ವ್ ಅದು. 'ಸಾದಾ' ಎಂದು ನಾವು ಕರೆಯುವ ಕಂಪೆನಿ ವಾಲ್ವಿನಲ್ಲೂ ಇಷ್ಟು ಬುದ್ಧಿ ಅಡಗಿದೆ ಎಂದು ನನಗೆ ಆಗಲೇ ಗೊತ್ತಾದದ್ದು.

ಅಳತೆ ಮುಗಿದಾಗ ಲೆಕ್ಕ ಸಿಕ್ಕಿತು. ಎಂಟು ಇನ್‌ಟೇಕ್ ವಾಲ್ವ್‌ಗಳೂ ಸರಿ ಇವೆ. ಎಕ್ಸಾಸ್ಟ್‌ನಲ್ಲಿ ಒಂದು ಸುಟ್ಟಿದೆ, ಎರಡರ ಅಂಚು ತೆಳುವಾಗಿದೆ. ಗೈಡ್‌ಗಳು ಸವೆದಿವೆ. ಸ್ಪ್ರಿಂಗ್‌ಗಳು ಒಂದೊಂದು ಒಂದೊಂದು ಎತ್ತರ.

ಇನ್ನು ಉಳಿದದ್ದು ಕ್ಯಾಮ್‌ಶಾಫ್ಟ್ ವಿಷಯ. ವಾಲ್ವನ್ನು ತೆರೆಯುವುದು ಅದೇ. 7,500 ಆರ್‌ಪಿಎಂ ವರೆಗೆ ಎಳೆಯುವ ಕ್ಯಾಮ್ ಹಾಕುವ ಯೋಚನೆ ಹುಡುಗರಲ್ಲಿತ್ತು. ವಾಲ್ವ್ ಮತ್ತು ಸ್ಪ್ರಿಂಗ್ ಬೇಕು ಅಂದದ್ದು ಅದಕ್ಕೇ. ಕಾಕ ಕೇಳಿದರು: "ನಿಮ್ಮ ಟ್ರ್ಯಾಕ್ ಎಂತದು? ಮಣ್ಣು, ಕೆಸರು, ತಿರುವು. ಅಲ್ಲಿ 7,000ಕ್ಕೆ ಎಷ್ಟು ಹೊತ್ತು ಹೋಗ್ತೀರಿ?" ಅಂಥ ಕ್ಯಾಮ್ ಹಾಕಿದರೆ ಮೇಲೆ ಶಕ್ತಿ ಬರುತ್ತದೆ, ಕೆಳಗಿನ ಎಳೆತ ಕಡಿಮೆಯಾಗುತ್ತದೆ. ಕೆಸರಿನಿಂದ ಗಾಡಿ ಎಬ್ಬಿಸಲು ಬೇಕಾದದ್ದು ಕೆಳಗಿನ ಎಳೆತ. ಈ ಎಂಜಿನ್ನಿಗೆ ಹೆಚ್ಚಿನ ಎಳೆತ ಇರುವುದೇ 4,500ರ ಆಸುಪಾಸಿನಲ್ಲಿ.

ಅಲ್ಲಿಗೆ ಕ್ಯಾಮ್ ಬೇಡವೆಂದಾಯಿತು. ಕ್ಯಾಮ್ ಬೇಡವಾದ ಮೇಲೆ ವಾಲ್ವಿನ ಪ್ರಶ್ನೆ ತಾನಾಗಿಯೇ ಮುಗಿಯಿತು.

ಖರ್ಚಾದದ್ದು ಎಲ್ಲಿಗೆ

ಎಂಟೂ ಎಕ್ಸಾಸ್ಟ್ ವಾಲ್ವ್ ಕಂಪೆನಿಯದ್ದೇ ಹೊಸತು. ಹೊಸ ಗೈಡ್, ಹೊಸ ಸೀಲ್, ಹೊಸ ಸ್ಪ್ರಿಂಗ್, ಹೆಡ್ ಪ್ಯಾಕಿಂಗ್. ಹೆಡ್ಡನ್ನು ಬೈಕಂಪಾಡಿಯ ಒಂದು ಲೇತ್ ವರ್ಕ್‌ಶಾಪಿಗೆ ಕೊಟ್ಟರು. ಅಲ್ಲಿ ಸೀಟ್‌ಗಳನ್ನು ಮೂರು ಕೋನದಲ್ಲಿ ಕಡೆದರು. ನಡುವಿನ 45 ಡಿಗ್ರಿಯ ಅಂಚಿನಲ್ಲಿ ವಾಲ್ವ್ ಕೂರುತ್ತದೆ. ಮೇಲೆ 30, ಕೆಳಗೆ 60 ಡಿಗ್ರಿ ಕಡೆಯುವುದು ಗಾಳಿ ನಯವಾಗಿ ಹೋಗಲಿಕ್ಕೆ. ಕೂರುವ ಅಂಚು ತೀರಾ ಸಪೂರವಾದರೆ ಬಿಸಿ ಇಳಿಯುವುದಿಲ್ಲ, ತೀರಾ ಅಗಲವಾದರೆ ಕಿಟ್ಟ ಸಿಕ್ಕಿ ಸೋರುತ್ತದೆ.

ವಾಪಸ್ ಬಂದ ಮೇಲೆ ಹೆಡ್ಡನ್ನು ಕವುಚಿಟ್ಟು ವಾಲ್ವ್‌ಗಳ ಮೇಲೆ ಪೆಟ್ರೋಲ್ ಸುರಿದು ಅರ್ಧ ಗಂಟೆ ಬಿಟ್ಟರು. ಒಂದು ಹನಿ ಕೆಳಗಿಳಿಯಲಿಲ್ಲ. ಟ್ಯಾಪೆಟ್ಟನ್ನು ಈ ಸಲ ಅಳಿಯನೇ ಇಟ್ಟ. ಎಂಜಿನ್ ತಣಿದ ಮೇಲೆ, ಕಂಪೆನಿ ಪುಸ್ತಕದ ಅಳತೆಗೆ, ಫೀಲರ್ ಗೇಜ್ ಹಾಕಿ. ಸ್ವಲ್ಪ ಟಿಕ್ ಟಿಕ್ ಕೇಳುತ್ತಿತ್ತು. ಯಾರೂ ಮಾತಾಡಲಿಲ್ಲ.

ಎಲ್ಲ ಸೇರಿ 26 ಸಾವಿರ ಆಯಿತು. ಅದರಲ್ಲಿ ಅಕ್ಕ ಕೊಟ್ಟದ್ದು 10. ಉಳಿದದ್ದು ಹುಡುಗರು ತಮ್ಮ ಸಂಬಳದಿಂದ ಹಾಕಿದರು. ಟೈರ್‌ಗೆ ಮುಂದಿನ ತಿಂಗಳು ಹಣ ಜೋಡಿಸಿದರು.

ಸ್ಪರ್ಧೆಯಲ್ಲಿ ಇವರಿಗೆ ಮೊದಲ ಸ್ಥಾನ ಬರಲಿಲ್ಲ, ಎರಡನೆಯದ್ದೂ ಇಲ್ಲ. ಆದರೆ ಹೋದ ಗಾಡಿ ತನ್ನ ಚಕ್ರದಲ್ಲೇ ಓಡಿಕೊಂಡು ಮನೆಗೆ ಬಂತು. ಬಂದ ಮೇಲೆ ಪುನಃ ಕಂಪ್ರೆಶನ್ ನೋಡಿದರು. ನಾಲ್ಕೂ ಸಿಲಿಂಡರ್ ಒಂದೇ ಸಮ.

ಹಣ ಕೊಡುವ ಮೊದಲು

ನಿಮ್ಮ ಮನೆಯಲ್ಲೂ ಮಗ, ತಮ್ಮ ಯಾರಾದರೂ ಎಂಜಿನ್ ಭಾಗಕ್ಕೆಂದು ದೊಡ್ಡ ಮೊತ್ತ ಕೇಳಿದರೆ ಬೈಯಬೇಡಿ, ಒಮ್ಮೆಲೇ ಕೊಡಲೂ ಬೇಡಿ. ಗಾಡಿಯ ವಿದ್ಯೆ ನಮಗೆ ಗೊತ್ತಿಲ್ಲದಿದ್ದರೂ ಕೆಲವು ಪ್ರಶ್ನೆ ಕೇಳಬಹುದು. ಹಳೆಯದು ಹಾಳಾದದ್ದು ಯಾಕೆ? ಅಳೆದು ನೋಡಿ ಆಯಿತಾ? ಗಾಡಿ ಓಡುವುದು ಎಲ್ಲಿ, ಎಷ್ಟು ಆರ್‌ಪಿಎಂಗೆ? ಟರ್ಬೊ ಉಂಟಾ? ಹೊಸದು ಹಾಕಿದರೆ ಅದರ ಜೊತೆ ಇನ್ನೇನೆಲ್ಲ ಬದಲಿಸಬೇಕು? ಕೆಲಸ ಮಾಡುವವರು ಅಂಥದ್ದು ಮೊದಲು ಮಾಡಿದ್ದಾರಾ?

ಇದಕ್ಕೆಲ್ಲ ಸರಿಯಾದ ಉತ್ತರ ಬಂದರೆ ಖಂಡಿತ ಸಹಾಯ ಮಾಡಿ. ಬೇಕಾದಲ್ಲಿ ಹಾಕದೇ ಉಳಿಸಿದ ಹಣವೂ ನಷ್ಟವೇ ಎಂಬುದಕ್ಕೆ ಶಾರ್ಜಾದ ಆ ಗಾಡಿಯೇ ಸಾಕ್ಷಿ. ಇನ್ನೊಂದು ಮಾತು. ಸ್ಪರ್ಧೆಗೆ ತಯಾರು ಮಾಡಿದ ಗಾಡಿ ಸ್ಪರ್ಧೆಗೇ ಇರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಲು ಬಿಡುವುದಿಲ್ಲ. ಸುರತ್ಕಲ್ ಹೆದ್ದಾರಿ ಟ್ರ್ಯಾಕೂ ಅಲ್ಲ.

ಮೊನ್ನೆ ಗ್ಯಾರೇಜಿಗೆ ಹೋದಾಗ ಕಾಲೇಜು ಹುಡುಗನೊಬ್ಬ ಬೈಕ್ ತಂದು ಅಳಿಯನ ಹತ್ತಿರ ಕೇಳುತ್ತಿದ್ದ, "ಅಣ್ಣ, ವಾಲ್ವ್ ಅಪ್‌ಗ್ರೇಡ್ ಮಾಡಿದ್ರೆ ಹೇಗೆ?" ಅಳಿಯ ಕಪಾಟಿನಿಂದ ಆ ಸುಟ್ಟ ವಾಲ್ವ್ ತೆಗೆದು ಅವನ ಕೈಗೆ ಕೊಟ್ಟ. "ಅದು ಆಮೇಲೆ ನೋಡುವ. ಟ್ಯಾಪೆಟ್ ಕೊನೆಗೆ ನೋಡಿದ್ದು ಯಾವಾಗ?"